ಒಂದು ಟನ್ ಸಾಮಾನಿನಿಂದ ಒಂದು ಸೀಟಿಯವರೆಗೆ: ಯುಕಾನ್ ನದಿಯ ನಿಯಮಪಟ್ಟಿಯ ಕಥೆ

ಕೆನಡಾದ ವಾಯವ್ಯ ಮೂಲೆಯಲ್ಲಿ, ಅಲಾಸ್ಕಾಕ್ಕೆ ಅಂಟಿಕೊಂಡಂತೆ ಯುಕಾನ್ ಎಂಬ ಪ್ರದೇಶವಿದೆ. ಅಲ್ಲಿ ಜೂನ್ ತಿಂಗಳ ಕೊನೆಯ ಹೊತ್ತಿಗೆ ಒಂದು ದೋಣಿ ಪಂದ್ಯ ನಡೆಯುತ್ತದೆ. ಹೆಸರು ಯುಕಾನ್ ರಿವರ್ ಕ್ವೆಸ್ಟ್. ವೈಟ್‌ಹಾರ್ಸ್ ಪಟ್ಟಣದಿಂದ ಡಾಸನ್ ಸಿಟಿವರೆಗೆ ನದಿಯಲ್ಲೇ 715 ಕಿಲೋಮೀಟರ್. ಬೆಂಗಳೂರಿನಿಂದ ಬೀದರ್‌ವರೆಗೆ ಹುಟ್ಟು ಹಾಕಿಕೊಂಡು ಹೋದಂತೆ ಅಂದುಕೊಳ್ಳಿ. ಕ್ಯಾನೂ ಮತ್ತು ಕಯಾಕ್ ಎಂಬ ಸಪೂರ ದೋಣಿಗಳು, ಮೋಟಾರು ಇಲ್ಲ, ಹಾಯಿ ಇಲ್ಲ. ವೇಗದ ತಂಡಗಳು ಸುಮಾರು ಎರಡು ದಿನಗಳಲ್ಲಿ ಮುಟ್ಟುತ್ತವೆ. ಉಳಿದವರಿಗೆ ಇನ್ನೊಂದು ದಿನ ಹಿಡಿಯುತ್ತದೆ.

ಪಂದ್ಯದ ಹಿಂದಿನ ದಿನ ಸಾಮಾನು ತಪಾಸಣೆ. ಪ್ರತಿ ತಂಡವೂ ತನ್ನ ಗಂಟುಮೂಟೆ ಬಿಚ್ಚಿ ಹರಡಬೇಕು, ತಪಾಸಣೆಯವರು ಪಟ್ಟಿ ಹಿಡಿದು ಒಂದೊಂದನ್ನೇ ನೋಡುತ್ತಾರೆ. ಒಬ್ಬೊಬ್ಬರಿಗೂ ಲೈಫ್ ಜಾಕೆಟ್, ಸೀಟಿ, ದೋಣಿಯೊಳಗಿನ ನೀರು ತೋಡಿ ಹೊರಚೆಲ್ಲಲು ಡಬ್ಬ ಅಥವಾ ಪಂಪು, ನೀರಿನ ಮೇಲೆ ತೇಲುವ 15 ಮೀಟರ್ ಹಗ್ಗ. ಇಷ್ಟು ಕೆನಡಾದಲ್ಲಿ ಯಾವ ಸಣ್ಣ ದೋಣಿಗಾದರೂ ಕಾನೂನು ಕೇಳುವುದೇ. ಪಂದ್ಯದವರು ಅದರ ಮೇಲೆ ಇನ್ನಷ್ಟು ಸೇರಿಸುತ್ತಾರೆ: ಹೆಚ್ಚುವರಿ ಹುಟ್ಟು, ಮಲಗುವ ಚೀಲ, ಗುಡಾರ, ನೀರು ತಾಕದಂತೆ ಕಟ್ಟಿದ ಒಣಬಟ್ಟೆ, ಬೆಂಕಿ ಹೊತ್ತಿಸುವ ಸಾಧನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಊಟ. ವರ್ಷ ವರ್ಷಕ್ಕೆ ಒಂದೆರಡು ವಸ್ತು ಬದಲಾಗಬಹುದು, ಪಟ್ಟಿಯ ಸ್ವಭಾವ ಬದಲಾಗಿಲ್ಲ.

ಪಂದ್ಯ ಅಂದಮೇಲೆ ಭಾರ ಕಡಿಮೆ ಇದ್ದಷ್ಟೂ ಲಾಭ. ಹಾಗಿರುವಾಗ ಮಲಗುವ ಯೋಚನೆಯೇ ಇಲ್ಲದವರ ಕೈಯಲ್ಲೂ ಗುಡಾರ ಹೊರಿಸುವುದು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಅದೇ ನದಿಯಲ್ಲಿ ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಇದೇ ರೀತಿ ಪಟ್ಟಿ ಹಿಡಿದು ನಿಂತವರು ಪೊಲೀಸರು.

1896ರ ಆಗಸ್ಟ್‌ನಲ್ಲಿ ಕ್ಲಾಂಡೈಕ್ ನದಿಗೆ ಸೇರುವ ಒಂದು ಹಳ್ಳದಲ್ಲಿ ಚಿನ್ನ ಸಿಕ್ಕಿತು. ಸಿಕ್ಕಿದ್ದು ಜಾರ್ಜ್ ಕಾರ್ಮ್ಯಾಕ್ ಎಂಬ ಬಿಳಿಯ ಮತ್ತು ಅವನ ಹೆಂಡತಿಯ ಕಡೆಯ ಬಂಧುಗಳಾದ ಸ್ಕೂಕಮ್ ಜಿಮ್, ಡಾಸನ್ ಚಾರ್ಲಿ ಎಂಬ ಮೂಲನಿವಾಸಿಗಳಿಗೆ. ಮೂವರಲ್ಲಿ ಮೊದಲು ಕಂಡವರು ಯಾರು ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಸುದ್ದಿ ಹೊರಜಗತ್ತಿಗೆ ಮುಟ್ಟಲು ಸುಮಾರು ಒಂದು ವರ್ಷ ಹಿಡಿಯಿತು. 1897ರ ಜುಲೈನಲ್ಲಿ ಚಿನ್ನ ಹೊತ್ತ ಎರಡು ಹಡಗುಗಳು ಸ್ಯಾನ್‌ಫ್ರಾನ್ಸಿಸ್ಕೊ ಮತ್ತು ಸಿಯಾಟಲ್ ಬಂದರಿಗೆ ಬಂದವು. ಅಮೆರಿಕದಲ್ಲಿ ಆಗ ಕೆಲಸವಿಲ್ಲದ ಕಾಲ. ಪತ್ರಿಕೆಗಳು ಬೆಂಕಿಗೆ ತುಪ್ಪ ಸುರಿದವು. ಅಂಗಡಿ ಗುಮಾಸ್ತರು, ಶಿಕ್ಷಕರು, ಟ್ರಾಮ್ ಓಡಿಸುವವರು ಕೆಲಸ ಬಿಟ್ಟು ಹೊರಟರು. ಹೊರಟವರು ಸುಮಾರು ಒಂದು ಲಕ್ಷ, ಮುಟ್ಟಿದವರು ಮೂವತ್ತರಿಂದ ನಲವತ್ತು ಸಾವಿರ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹೆಚ್ಚಿನವರಿಗೆ ದೋಣಿ ಗೊತ್ತಿಲ್ಲ, ಹಿಮ ಗೊತ್ತಿಲ್ಲ, ಡಾಸನ್ ಎಲ್ಲಿದೆ ಎಂಬುದೂ ಸರಿಯಾಗಿ ಗೊತ್ತಿಲ್ಲ.

ಡಾಸನ್‌ನಲ್ಲಿ ಆ ಹೊತ್ತಿಗೆ ಬೇರೆಯೇ ಚಿಂತೆ. 1897ರ ಶರತ್ಕಾಲದಲ್ಲಿ ನದಿಯ ನೀರು ಇಳಿದು, ದಿನಸಿ ತರಬೇಕಿದ್ದ ಹಬೆದೋಣಿಗಳು ಕೆಳಗೇ ಸಿಕ್ಕಿಬಿದ್ದವು. ಚಳಿಗಾಲ ಕಳೆಯುವಷ್ಟು ಊಟ ಊರಲ್ಲಿಲ್ಲ. ದಾಸ್ತಾನು ಇಲ್ಲದವರು ಹೆಪ್ಪುಗಟ್ಟುವ ಮೊದಲೇ ನದಿ ಹಿಡಿದು ಕೆಳಗಿನ ಫೋರ್ಟ್ ಯುಕಾನ್‌ಗೆ ಹೊರಟುಬಿಡಿ ಎಂದು ಅಧಿಕಾರಿಗಳೇ ಸೂಚನೆ ಕೊಡಬೇಕಾಯಿತು. ಉಳಿದವರು ಆ ಚಳಿಗಾಲವನ್ನು ಹೇಗೋ ದಾಟಿದರು. ಆದರೆ ಹಿಂದೆ ಇನ್ನೂ ಹತ್ತಾರು ಸಾವಿರ ಬಾಯಿಗಳು ಬರುತ್ತಿವೆ ಎಂಬುದು ಪೊಲೀಸರಿಗೆ ಗೊತ್ತಿತ್ತು.

ನಿಯಮ ಹುಟ್ಟಿದ್ದು ಈ ಹೆದರಿಕೆಯಲ್ಲಿ. 1898ರ ಫೆಬ್ರವರಿಯಲ್ಲಿ ಕೆನಡಾದ ನಾರ್ತ್ ವೆಸ್ಟ್ ಮೌಂಟೆಡ್ ಪೊಲೀಸರು ಚಿಲ್ಕೂಟ್ ಮತ್ತು ವೈಟ್ ಪಾಸ್ ಎಂಬ ಎರಡು ಕಣಿವೆದಾರಿಗಳ ನೆತ್ತಿಯ ಮೇಲೆ ಬಾವುಟ ನೆಟ್ಟು, ಗುಡಾರ ಹಾಕಿ ಕೂತರು. ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಲುವಷ್ಟು ದಿನಸಿ ಇದ್ದರೆ ಮಾತ್ರ ಒಳಗೆ ಬಿಡುತ್ತಿದ್ದರು. ದಿನಸಿ, ಉಪಕರಣ, ಬಟ್ಟೆಬರೆ ಎಲ್ಲ ಸೇರಿ ತಲೆಗೆ ಸುಮಾರು ಒಂದು ಟನ್. ಅವರ ಟನ್ ಅಂದರೆ 2000 ಪೌಂಡು, ನಮ್ಮ ಲೆಕ್ಕದಲ್ಲಿ 900 ಕಿಲೋ ಚಿಲ್ಲರೆ. ಐವತ್ತು ಕಿಲೋ ಅಕ್ಕಿ ಮೂಟೆ ಹದಿನೆಂಟು. ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ, ಒಣ ಬೀನ್ಸ್ ಕಾಳು, ಸಕ್ಕರೆ, ಕಾಫಿ, ಚಹಾ, ಒಣಹಣ್ಣು, ಮೇಣದಬತ್ತಿ, ಬೆಂಕಿಪೊಟ್ಟಣ. ಜೊತೆಗೆ ಕೊಡಲಿ, ದಿಮ್ಮಿ ಕೊಯ್ಯುವ ಉದ್ದ ಗರಗಸ, ಮೊಳೆ, ಹಗ್ಗ, ದೋಣಿಯ ಹಲಗೆ ಸಂದಿಗೆ ತುರುಕುವ ನಾರು, ಮೇಲೆ ಬಳಿಯುವ ರಾಳ. ದೋಣಿಯನ್ನು ಪಟ್ಟಿಯಲ್ಲಿ ಸೇರಿಸಿರಲಿಲ್ಲ. ದೋಣಿ ಕಟ್ಟುವ ಸಾಮಾನು ಸೇರಿತ್ತು.

ಚಾಪ್ಲಿನ್‌ನ ‘ದಿ ಗೋಲ್ಡ್ ರಷ್’ ಚಿತ್ರ ನೋಡಿದವರಿಗೆ ಮೊದಲ ದೃಶ್ಯ ನೆನಪಿರಬಹುದು: ಬಿಳಿ ಗುಡ್ಡದ ಮೇಲೆ ಇರುವೆ ಸಾಲಿನಂತೆ ಹತ್ತುತ್ತಿರುವ ಕಪ್ಪು ಚುಕ್ಕೆಗಳು. ಅದು ಚಿಲ್ಕೂಟ್. ಕೊನೆಯ ಏರಿನಲ್ಲಿ ಹಿಮ ಕಡಿದು ಮಾಡಿದ ಸುಮಾರು 1500 ಮೆಟ್ಟಿಲು. ಒಮ್ಮೆಗೆ ಹೊರಬಹುದಾದದ್ದು ಇಪ್ಪತ್ತೈದು ಮೂವತ್ತು ಕಿಲೋ. ಹೊತ್ತುಕೊಂಡು ಮೇಲೆ ಹೋಗಿ, ಹಿಮದಲ್ಲಿ ಗುರುತು ಕೋಲು ನೆಟ್ಟು ಸಾಮಾನು ಇಟ್ಟು, ಜಾರಿಕೊಂಡು ಕೆಳಗೆ ಬಂದು, ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಒಬ್ಬನೇ ಹೊರುವವನಿಗೆ ಮೂವತ್ತು ನಲವತ್ತು ಸಲ ಈ ಓಡಾಟ. ತಿಂಗಳುಗಳೇ ಹಿಡಿಯುತ್ತಿದ್ದವು. 1898ರ ಏಪ್ರಿಲ್ 3ರಂದು ಇದೇ ದಾರಿಯಲ್ಲಿ ಹಿಮಕುಸಿತವಾಗಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಹಿಮದ ಲಕ್ಷಣ ನೋಡಿ ಅನುಭವಸ್ಥ ಹೊರೆಯಾಳುಗಳು ಆ ದಿನ ಮೇಲೆ ಹೋಗುವುದು ಬೇಡ ಎಂದು ಹೇಳಿದ್ದರಂತೆ.

ಆ ಹೊರೆಯಾಳುಗಳು ಟ್ಲಿಂಗಿಟ್ ಜನ. ಚಿಲ್ಕೂಟ್ ದಾರಿ ತಲೆಮಾರುಗಳಿಂದ ಅವರದೇ ವ್ಯಾಪಾರದ ದಾರಿ, ಅವರ ಅನುಮತಿಯಿಲ್ಲದೆ ಬೇರೆಯವರು ದಾಟುವಂತಿರಲಿಲ್ಲ. ಚಿನ್ನದ ಗದ್ದಲದಲ್ಲಿ ಅದೇ ದಾರಿಯಲ್ಲಿ ಅವರು ಪೌಂಡಿನ ಲೆಕ್ಕದಲ್ಲಿ ಕೂಲಿ ಹೊರುವವರಾದರು. ಚೌಕಾಶಿಯಲ್ಲಿ ಅವರೇನೂ ಸೋಲಲಿಲ್ಲ, ಬೇಡಿಕೆ ಏರಿದಂತೆ ದರವನ್ನೂ ಏರಿಸಿದರು. ಅಷ್ಟರಲ್ಲಿ ಕಂಪನಿಗಳು ಕಂಬ ನೆಟ್ಟು ತಂತಿಯ ಮೇಲೆ ಸಾಮಾನು ಎಳೆಯುವ ವ್ಯವಸ್ಥೆ ತಂದವು, ಕೂಲಿಯೂ ಹೋಯಿತು.

ಒಂದು ಟನ್ನಿನ ನಿಯಮದ ಬಗ್ಗೆ ಓದುವಾಗ ನನಗೆ ಕಾಡಿದ್ದು ಇಲ್ಲೇ. ಕಾಗದದ ಮೇಲೆ ಅದು ಎಲ್ಲರಿಗೂ ಒಂದೇ. ಹಣವಿದ್ದವನ ಟನ್ನು ತಂತಿಯ ಮೇಲೆ ಹೋಯಿತು, ಇಲ್ಲದವನ ಟನ್ನು ಅವನ ಬೆನ್ನಿನ ಮೇಲೆ ನಲವತ್ತು ಸಲ ಹೋಯಿತು. ಎಷ್ಟೋ ಜನ ಪಾಸ್‌ನ ಬುಡದಲ್ಲೇ ಸಾಮಾನು ಮಾರಿ ಮನೆಗೆ ತಿರುಗಿದರು. ಹಾಗಂತ ನಿಯಮ ತಪ್ಪು ಎನ್ನಲೂ ನನಗೆ ಬಾಯಿ ಬರುವುದಿಲ್ಲ. ಮರುವರ್ಷದ ಡಾಸನ್‌ನಲ್ಲಿ ಕಾಯಿಲೆ ಇತ್ತು, ಕೊಳಕು ಇತ್ತು, ಜನ ಉಪವಾಸ ಬಿದ್ದು ಸಾಯುವ ಸ್ಥಿತಿ ಮಾತ್ರ ಬರಲಿಲ್ಲ.

ಪಾಸ್ ದಾಟಿದವರು ಬೆನೆಟ್ ಮತ್ತು ಲಿಂಡೆಮನ್ ಸರೋವರಗಳ ದಡದಲ್ಲಿ ಗುಡಾರ ಹಾಕಿ, ಸುತ್ತಲಿನ ಕಾಡು ಕಡಿದು, ದೋಣಿ ಕಟ್ಟಲು ಕೂತರು. ಎತ್ತರದ ಅಟ್ಟದ ಮೇಲೆ ದಿಮ್ಮಿ ಇಟ್ಟು ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಗರಗಸ ಎಳೆಯಬೇಕು. ಕೆಳಗಿನವನ ಕಣ್ಣಿಗೆ ಮರದ ಹುಡಿ, ಮೇಲಿನವನ ಸೊಂಟಕ್ಕೆ ನೋವು. ಬಾಲ್ಯದ ಗೆಳೆಯರು ಕೂಡ ಇಲ್ಲಿ ಹೊಡೆದಾಡಿಕೊಂಡು, ಹಿಟ್ಟಿನ ಚೀಲ, ಬಾಣಲೆ, ಕಟ್ಟಿದ ದೋಣಿ ಎಲ್ಲವನ್ನೂ ಸರಿಯಾಗಿ ಎರಡು ಭಾಗ ಮಾಡಿಕೊಂಡು ಬೇರೆಯಾದ ಕಥೆಗಳಿವೆ. ಬಾಣಲೆಯ ಕಥೆಯನ್ನು ಪೂರ್ತಿ ನಂಬಬೇಕಾಗಿಲ್ಲ. ಹಸಿ ಹಲಗೆಯ ದೋಣಿಗಳು, ಕಟ್ಟಿದವರಿಗೆ ಅದೇ ಮೊದಲ ದೋಣಿ.

1898ರ ಮೇ 29ರಂದು ಮಂಜುಗಡ್ಡೆ ಒಡೆಯಿತು. ಏಳು ಸಾವಿರಕ್ಕೂ ಹೆಚ್ಚು ದೋಣಿಗಳು ಕೆಲವೇ ದಿನಗಳಲ್ಲಿ ನದಿಗಿಳಿದವು. ಸುಮಾರು 900 ಕಿಲೋಮೀಟರ್ ಕೆಳಗೆ ಡಾಸನ್. ನಿಜವಾದ ಪಂದ್ಯ ಅಂದರೆ ಅದೇ, ಬಹುಮಾನ ಚಿನ್ನದ ಹಳ್ಳದಲ್ಲಿ ಒಂದು ತುಂಡು ಜಾಗ.

ಪಂದ್ಯಕ್ಕೆ ಮೊದಲ ತಡೆ ಮೈಲ್ಸ್ ಕ್ಯಾನ್ಯನ್. ಅಗಲವಾಗಿ ಹರಿಯುವ ನದಿ ಅಲ್ಲಿ ಕಪ್ಪು ಬಂಡೆಯ ಎರಡು ಗೋಡೆಗಳ ನಡುವಿನ ಕಿರಿದಾದ ಸಂದಿಗೆ ನುಗ್ಗುತ್ತದೆ. ಅದನ್ನು ದಾಟಿದರೆ ಮುಂದೆ ವೈಟ್ ಹಾರ್ಸ್ ಎಂಬ ರಭಸದ ಸೆಳವು. ನೊರೆ ಬಿಳಿ ಕುದುರೆಯ ಜೂಲಿನಂತೆ ಕಾಣುತ್ತದೆಂದು ಆ ಹೆಸರು, ಪಟ್ಟಣಕ್ಕೂ ಅದೇ ಉಳಿಯಿತು. ಹಿಂದಿನ ವರ್ಷ ಇಲ್ಲಿ ದಾಟಿದವರಲ್ಲಿ ಆಗಿನ್ನೂ ಹೆಸರು ಮಾಡಿರದ ಜಾಕ್ ಲಂಡನ್ ಒಬ್ಬ. ದೋಣಿ ನಡೆಸಲು ಬಲ್ಲವನಾದ್ದರಿಂದ ಬೇರೆಯವರ ದೋಣಿಗಳನ್ನೂ ದಾಟಿಸಿದ. 1898ರ ಜೂನ್‌ನಲ್ಲಿ ಬಂದ ಗುಮಾಸ್ತರಿಗೆ ಆ ಕೈಚಳಕ ಇರಲಿಲ್ಲ. ಮೊದಲ ಕೆಲವು ದಿನಗಳಲ್ಲೇ ಸುಮಾರು 150 ದೋಣಿ ಒಡೆದವು, ಹತ್ತು ಜನ ಮುಳುಗಿದರು ಎಂಬುದು ಪೊಲೀಸ್ ಅಧಿಕಾರಿ ಸ್ಯಾಮ್ ಸ್ಟೀಲ್ ಕೊಟ್ಟ ಲೆಕ್ಕ. ಸತ್ತವರು ಐದು ಎಂದು ಬರೆದವರೂ ಇದ್ದಾರೆ.

ಸ್ಟೀಲ್ ಅಲ್ಲಿಗೆ ಬಂದು, ದಡದಲ್ಲಿ ಜನ ಸೇರಿಸಿ, ಅಲ್ಲೇ ನಿಯಮ ಮಾಡಿದ. ದೋಣಿಯನ್ನು ಪೊಲೀಸರು ನೋಡಿ ಒಪ್ಪದೆ ಕೆಳಗೆ ಬಿಡುವಂತಿಲ್ಲ. ನೀರಿನ ಮಟ್ಟದಿಂದ ದೋಣಿಯ ಅಂಚು ಸಾಕಷ್ಟು ಮೇಲಿರಬೇಕು, ಅಂದರೆ ಅತಿಭಾರ ಹೇರುವಂತಿಲ್ಲ. ನಡೆಸಲು ಬಲ್ಲವರೇ ದೋಣಿ ನಡೆಸಬೇಕು, ಬಲ್ಲವರ ಪಟ್ಟಿಯನ್ನು ಪೊಲೀಸರೇ ಇಡುತ್ತಾರೆ. ಹೆಂಗಸರು ಮಕ್ಕಳು ಇಳಿದು ದಡದಲ್ಲಿ ನಡೆದುಕೊಂಡು ಬರಬೇಕು. ಮೀರಿದರೆ 100 ಡಾಲರ್ ದಂಡ. ಅಮೆರಿಕದ ಕೂಲಿಕಾರನೊಬ್ಬನ ಎರಡು ತಿಂಗಳ ದುಡಿಮೆಗೆ ಹತ್ತಿರದ ಮೊತ್ತ. ಇದಕ್ಕೆಲ್ಲ ಯಾವ ಕಾನೂನಿನ ಆಧಾರ ಎಂದು ಕೇಳಿದರೆ ಹೇಳಲು ಹೆಚ್ಚೇನೂ ಇರಲಿಲ್ಲ. ಪೊಲೀಸರು ತಮಗೆ ತೋಚಿದಂತೆ ಕಾನೂನು ಮಾಡುತ್ತಾರೆ ಎಂಬ ದೂರನ್ನು ಸ್ಟೀಲ್ ಜನರೆದುರೇ ಒಪ್ಪಿಕೊಂಡ, ಈಗಲೂ ಅದನ್ನೇ ಮಾಡುತ್ತಿದ್ದೇನೆ ಎಂದ. ಅಲ್ಲಿಂದ ಮುಂದೆ ಆ ಜಾಗದಲ್ಲಿ ಅವಘಡಗಳು ಬಹಳ ಕಡಿಮೆಯಾದವು.

ಹೆಂಗಸರನ್ನು ಮಕ್ಕಳ ಜೊತೆ ಸೇರಿಸಿ ದಡಕ್ಕಿಳಿಸಿದ್ದನ್ನು ಇವತ್ತು ಓದುವಾಗ ಕಿರಿಕಿರಿಯಾಗುತ್ತದೆ. ಚಿಲ್ಕೂಟನ್ನು ತಮ್ಮ ಕಾಲಲ್ಲೇ ಹತ್ತಿ ಬಂದ ಹೆಂಗಸರಿಗೆ ದೋಣಿಯಲ್ಲಿ ಕೂರುವ ತೀರ್ಮಾನ ಮಾಡುವ ಹಕ್ಕಿರಲಿಲ್ಲ. ಇವತ್ತಿನ ಪಂದ್ಯದಲ್ಲಿ ಹೆಂಗಸರ ತಂಡಗಳಿವೆ, ಗಂಡಸರು ಹೆಂಗಸರು ಸೇರಿದ ತಂಡಗಳಿವೆ, ನಿಯಮಪಟ್ಟಿ ಎಲ್ಲರಿಗೂ ಅದೇ.

ಸ್ಟೀಲ್‌ನ ಪೊಲೀಸರು ಮಾಡಿದ ಇನ್ನೊಂದು ಕೆಲಸಕ್ಕೆ ಮೇಲಿನವುಗಳಷ್ಟು ಹೆಸರು ಬಂದಿಲ್ಲ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು. ಪ್ರತಿ ದೋಣಿಯ ಮೂತಿಗೆ ಒಂದು ಸಂಖ್ಯೆ ಬರೆದರು. ಆ ಸಂಖ್ಯೆಯ ಎದುರು ದೋಣಿಯಲ್ಲಿರುವವರ ಹೆಸರು, ಸತ್ತರೆ ಯಾರಿಗೆ ಹೇಳಬೇಕು ಎಂಬ ವಿಳಾಸ. ನದಿಯುದ್ದಕ್ಕೂ ಇದ್ದ ಠಾಣೆಗಳಲ್ಲಿ ಸಂಖ್ಯೆ ನೋಡಿ ಪುಸ್ತಕಕ್ಕೆ ತಾಳೆ ಹಾಕುತ್ತಿದ್ದರು. ಒಂದು ಠಾಣೆ ದಾಟಿದ ದೋಣಿ ಮುಂದಿನದಕ್ಕೆ ಬರದಿದ್ದರೆ ಹುಡುಕಲು ಹೊರಡುತ್ತಿದ್ದರು.

ದೋಣಿ ಮಗುಚಿದ ಸುದ್ದಿ ಮಾಡಲು ಹೋದ ಯಾವ ವರದಿಗಾರನನ್ನಾದರೂ ಕೇಳಿ. ಡೆಸ್ಕ್‌ನಿಂದ ಬರುವ ಮೊದಲ ಪ್ರಶ್ನೆ, “ಎಷ್ಟು ಜನ ಇದ್ರು?” ದಡದಲ್ಲಿ ನಿಂತವರೆಲ್ಲ ಒಂದೊಂದು ಲೆಕ್ಕ ಹೇಳುತ್ತಾರೆ. ಹನ್ನೆರಡು ಅಂತ ಒಬ್ಬರು, ಇಪ್ಪತ್ತು ಅಂತ ಇನ್ನೊಬ್ಬರು. ಹುಡುಕುವವರಿಗೆ ಯಾವಾಗ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಸಂಜೆಗೆ ಒಂದು ಸಂಖ್ಯೆ ಕಳಿಸಿ, ಬೆಳಿಗ್ಗೆ ಅದನ್ನು ತಿದ್ದಿ ಕಳಿಸಿದ್ದು ನನಗೂ ಆಗಿದೆ. 1898ರಲ್ಲಿ, ಫೋನಿಲ್ಲದ ಕಾಡಿನಲ್ಲಿ, ಆ ಪ್ರಶ್ನೆಗೆ ಉತ್ತರ ಒಂದು ಪುಸ್ತಕದಲ್ಲಿ ಬರೆದಿಟ್ಟಿತ್ತು.

ಮುಂದಿನ ಅರ್ಧ ಶತಮಾನ ಬೇಗ ಹೇಳಿಬಿಡಬಹುದು. ರೈಲು ವೈಟ್‌ಹಾರ್ಸ್‌ವರೆಗೆ ಬಂತು, ಅಲ್ಲಿಂದ ಡಾಸನ್‌ಗೆ ಹಬೆದೋಣಿಗಳು ಓಡಿದವು. 1950ರ ದಶಕದಲ್ಲಿ ಡಾಸನ್‌ಗೆ ರಸ್ತೆಯಾಯಿತು, ಹಬೆದೋಣಿಗಳು ದಡ ಸೇರಿದವು. 1958ರಲ್ಲಿ ವೈಟ್‌ಹಾರ್ಸ್ ಬಳಿ ವಿದ್ಯುತ್ತಿಗಾಗಿ ಅಣೆಕಟ್ಟು ಎದ್ದು, ಸ್ಟೀಲ್ ನಿಯಮ ಮಾಡಿದ ಆ ಬಿಳಿ ನೊರೆಯ ಸೆಳವು ಹಿನ್ನೀರಿನಡಿ ಮುಳುಗಿತು. ಕ್ಯಾನ್ಯನ್ ಈಗಲೂ ಇದೆ, ನೀರು ಮೊದಲಿನಷ್ಟು ಸಿಟ್ಟಿನಲ್ಲಿಲ್ಲ.

1997ರಲ್ಲಿ, ಚಿನ್ನದ ಓಟಕ್ಕೆ ನೂರು ತುಂಬಿದ ನೆಪದಲ್ಲಿ, ಡೈಯಾದಿಂದ ಡಾಸನ್‌ಗೆ ಒಂದು ಪಂದ್ಯ ಏರ್ಪಡಿಸಿದರು. ಹಳೆಯ ದಾರಿಯನ್ನೇ ಹಿಡಿದು ಚಿಲ್ಕೂಟ್ ಹತ್ತಿ, ಆಮೇಲೆ ದೋಣಿ. ಸ್ಪರ್ಧಿಗಳು ತಲಾ 50 ಪೌಂಡು ಸಾಮಾನು ಹೊರಬೇಕಿತ್ತು, ಅದರಲ್ಲಿ 1898ರ ಪಟ್ಟಿಯನ್ನು ನೆನಪಿಸುವ ವಸ್ತುಗಳೂ ಕಡ್ಡಾಯ. ಎರಡು ವರ್ಷ ಅದು ನಡೆಯಿತು. 1999ರಲ್ಲಿ ಬೆಟ್ಟದ ಭಾಗ ಕೈಬಿಟ್ಟು, ಅಣೆಕಟ್ಟಿನ ಕೆಳಗಿನ ವೈಟ್‌ಹಾರ್ಸ್‌ನಿಂದ ಶುರುವಾಗುವ ಈಗಿನ ಪಂದ್ಯ ಹುಟ್ಟಿತು. ನೆನಪಿಗಾಗಿ ಹೊರುತ್ತಿದ್ದ ಸಾಮಾನು ಪಟ್ಟಿಯಿಂದ ಹೋಯಿತು, ಜೀವ ಉಳಿಸುವುದು ಮಾತ್ರ ಉಳಿಯಿತು.

ಈಗಿನ ನಿಯಮಗಳನ್ನು ನದಿಯ ಜೊತೆಗಿಟ್ಟು ಓದಿದರೆ ಒಂದೊಂದರ ಹಿಂದೆಯೂ ಒಂದು ಜಾಗ ಕಾಣುತ್ತದೆ. ಹೊರಟ ಕೆಲವು ಗಂಟೆಗೆ ಲ್ಯಾಬರ್ಜ್ ಸರೋವರ, ಸುಮಾರು 50 ಕಿಲೋಮೀಟರ್ ಉದ್ದ. ಬೆಟ್ಟಗಳ ನಡುವಿನಿಂದ ಇದ್ದಕ್ಕಿದ್ದಂತೆ ಗಾಳಿ ಎದ್ದರೆ ಸಮುದ್ರದಂಥ ಅಲೆ. ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಬಿದ್ದವನಿಗೆ ಈಜು ಬಂದರೂ ಕೆಲವೇ ನಿಮಿಷಗಳಲ್ಲಿ ಬೆರಳು ಮರಗಟ್ಟಿ ದೋಣಿ ಹಿಡಿಯಲಾಗುವುದಿಲ್ಲ. ಅದಕ್ಕೇ ಅಲ್ಲಿ ದಡ ಬಿಟ್ಟು ದೂರ ಹೋಗುವಂತಿಲ್ಲ, ಲೈಫ್ ಜಾಕೆಟ್ ಮೈಮೇಲೇ ಇರಬೇಕು. ದಡ ಸೇರಿದ ಮೇಲೂ ಚಳಿಗೆ ಸಾಯಬಹುದು. ಒಣಬಟ್ಟೆ, ಗುಡಾರ, ಬೆಂಕಿ ಆಗ ಬೇಕು. ಗುಡಾರ ಯಾಕೆ ಎಂಬ ಮೊದಲ ಪ್ರಶ್ನೆಗೆ ಉತ್ತರವೂ ಇದೇ. ಅದು ನಿದ್ದೆಗಾಗಿ ಇಟ್ಟದ್ದಲ್ಲ, ನೆರವಿನ ದೋಣಿ ಬರುವವರೆಗೆ ಬದುಕಿರಲು ಇಟ್ಟದ್ದು.

ಕಾರ್‌ಮ್ಯಾಕ್ಸ್ ಎಂಬ ಹಳ್ಳಿ ದಾಟಿದ ಮೇಲೆ ಫೈವ್ ಫಿಂಗರ್. ನಾಲ್ಕು ಬಂಡೆಗಳು ನದಿಯನ್ನು ಐದು ಬೆರಳಿನಂತೆ ಸೀಳಿ ನಿಂತಿವೆ. ಬಲಬದಿಯ ಬೆರಳು ಸುರಕ್ಷಿತ, ಹಿಂದೆ ಹಬೆದೋಣಿಗಳು ಬಳಸುತ್ತಿದ್ದ ದಾರಿಯೂ ಅದೇ. ಎದುರು ಪ್ರವಾಹದಲ್ಲಿ ಮೇಲೆ ಬರುವಾಗ ಅಲ್ಲಿ ಕಟ್ಟಿದ್ದ ತಂತಿಹಗ್ಗ ಹಿಡಿದು ತಮ್ಮನ್ನು ತಾವೇ ಎಳೆದುಕೊಳ್ಳುತ್ತಿದ್ದವು.

ಇವೆಲ್ಲದರ ಜೊತೆಗೆ 1898ರಲ್ಲಿ ಯಾರಿಗೂ ಹೊಳೆಯದಿದ್ದ ಒಂದು ನಿಯಮ ಈಗಿದೆ: ಕಡ್ಡಾಯ ವಿಶ್ರಾಂತಿ. ಕಾರ್‌ಮ್ಯಾಕ್ಸ್‌ನಲ್ಲಿ 7 ಗಂಟೆ, ಮುಂದೆ ಕರ್ಕ್‌ಮನ್ ಕ್ರೀಕ್‌ನಲ್ಲಿ 3 ಗಂಟೆ, ಒಟ್ಟು 10 ಎಂಬುದು ಬಹುಕಾಲ ನಡೆದುಬಂದ ಲೆಕ್ಕ. ಜೂನ್‌ನಲ್ಲಿ ಅಲ್ಲಿ ರಾತ್ರಿಯೇ ಸರಿಯಾಗಿ ಕತ್ತಲಾಗುವುದಿಲ್ಲ. ಆಕಾಶ ನಿಲ್ಲು ಎನ್ನುವುದಿಲ್ಲ, ಮೈ ಹೇಳಿದ್ದನ್ನು ಸ್ಪರ್ಧಿ ಕೇಳುವುದಿಲ್ಲ. ನಿದ್ದೆಗೆಟ್ಟವರಿಗೆ ದಡದ ಬಂಡೆಗಳಲ್ಲಿ ಮುಖಗಳು ಕಾಣಿಸತೊಡಗುತ್ತವೆ, ಇಲ್ಲದ ಮನೆಗಳು ಕಾಣುತ್ತವೆ. ಇದನ್ನು ಪಂದ್ಯ ಮುಗಿಸಿದ ಬಹುತೇಕರು ನಗುತ್ತಲೇ ಹೇಳುತ್ತಾರೆ. ಹುಟ್ಟು ಹಿಡಿದೇ ಕಣ್ಣು ಮುಚ್ಚಿದರೆ ದೋಣಿ ಮಗುಚಲು ದೊಡ್ಡ ಅಲೆಯೇನೂ ಬೇಕಿಲ್ಲ. ಗಾಳಿ, ಬಂಡೆ, ಚಳಿಗೆ ಬರೆದ ನಿಯಮಗಳ ಸಾಲಿನಲ್ಲಿ ಇದೊಂದೇ ಸ್ಪರ್ಧಿಯ ಹಟಕ್ಕೆ ಬರೆದದ್ದು.

ದೋಣಿಯ ಮೇಲಿನ ಸಂಖ್ಯೆ ಇವತ್ತಿಗೂ ಇದೆ. ತಪಾಸಣಾ ಜಾಗಗಳಲ್ಲಿ ಸ್ವಯಂಸೇವಕರು ಕೂತು ಸಂಖ್ಯೆ, ಸಮಯ ಬರೆದುಕೊಳ್ಳುತ್ತಾರೆ. ಈಚೆಗೆ ಉಪಗ್ರಹದ ಮೂಲಕ ಜಾಗ ತಿಳಿಸುವ ಸಾಧನವೂ ಬಂದಿದೆ, ಮನೆಯವರು ಪರದೆಯ ಮೇಲೆ ಚುಕ್ಕೆ ಚಲಿಸುವುದನ್ನು ನೋಡುತ್ತ ಕೂರಬಹುದು. ಚುಕ್ಕೆ ತುಂಬ ಹೊತ್ತು ಒಂದೇ ಕಡೆ ನಿಂತರೆ ವಿಚಾರಿಸಲು ಒಂದು ಜಾಗ ಸಿಗುತ್ತದೆ.

ಪಂದ್ಯ ಮುಗಿಯುವ ಡಾಸನ್ ಊರಿನ ಪಕ್ಕದಲ್ಲೇ ಕ್ಲಾಂಡೈಕ್ ನದಿ ಬಂದು ಯುಕಾನ್ ಸೇರುತ್ತದೆ. ಆ ಸಂಗಮದಲ್ಲಿದ್ದ ಟ್ರೋಚೆಕ್ ಎಂಬ ಜಾಗ ಹ್ಯಾನ್ ಜನರ ಸಾಲ್ಮನ್ ಮೀನುಗಾರಿಕೆಯ ಬೇಸಿಗೆ ನೆಲೆ. ಚಿನ್ನದವರ ಗದ್ದಲ ತಾಳಲಾರದೆ ಅವರ ಮುಖಂಡ ಚೀಫ್ ಐಸಾಕ್ ತನ್ನ ಜನರನ್ನು ಕರೆದುಕೊಂಡು ಕೆಲವು ಕಿಲೋಮೀಟರ್ ಕೆಳಗಿನ ಮೂಸ್‌ಹೈಡ್‌ಗೆ ಹೋದ. ನದಿಯನ್ನು ತಲೆಮಾರುಗಳಿಂದ ಬಲ್ಲ ಅವರಿಗೆ ಯಾವ ಪಟ್ಟಿಯೂ ಬೇಕಿರಲಿಲ್ಲ. ಪಟ್ಟಿ ಹಿಡಿದು ಬಂದವರಿಗೆ ಅವರು ಜಾಗ ಬಿಟ್ಟುಕೊಡಬೇಕಾಯಿತು. 2023ರಲ್ಲಿ ಈ ಪ್ರದೇಶವನ್ನು ಟ್ರೊಂಡೆಕ್-ಕ್ಲಾಂಡೈಕ್ ಎಂಬ ಹೆಸರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಲಾಯಿತು.

1898ರ ಜೂನ್‌ನಲ್ಲಿ ಆ ದಡಕ್ಕೆ ದೋಣಿಗಳು ಮೂರು ನಾಲ್ಕು ಸಾಲಿನಲ್ಲಿ ಬಂದು ನಿಂತವು. ಇಳಿದವರಿಗೆ ತಿಳಿದ ಮೊದಲ ಸುದ್ದಿ, ಒಳ್ಳೆಯ ಹಳ್ಳಗಳೆಲ್ಲ ಸುಮಾರು ಎರಡು ವರ್ಷದ ಹಿಂದೆಯೇ ಬೇರೆಯವರ ಹೆಸರಿಗಾಗಿವೆ. ಅನೇಕರು ಗಣಿಯ ಕಡೆ ಹೋಗಿ ನೋಡಲೂ ಇಲ್ಲ. ಕೆಲವು ದಿನ ಮುಂಬೀದಿಯಲ್ಲಿ ಸುಮ್ಮನೆ ಓಡಾಡಿ, ಆಮೇಲೆ ನದಿ ದಂಡೆಯಲ್ಲೇ ಗೋಣಿ ಹಾಸಿ, ಬೆನ್ನ ಮೇಲೆ ಹೊತ್ತು ತಂದ ಹಿಟ್ಟು, ಬೀನ್ಸ್, ಸಲಿಕೆ, ಗರಗಸಗಳನ್ನು ಬಂದ ಬೆಲೆಗೆ ಮಾರಿದರು. ಆ ಹಣದಲ್ಲಿ ಹಬೆದೋಣಿಯ ಟಿಕೆಟ್ ಕೊಂಡು ಊರ ದಾರಿ ಹಿಡಿದರು. 1899ರಲ್ಲಿ ಅಲಾಸ್ಕಾದ ನೋಮ್ ಕಡಲತಡಿಯಲ್ಲಿ ಚಿನ್ನ ಸಿಕ್ಕ ಸುದ್ದಿ ಬಂದಾಗ ಉಳಿದವರಲ್ಲೂ ಸಾವಿರಾರು ಜನ ಅದೇ ನದಿಯಲ್ಲಿ ಇನ್ನೂ ಕೆಳಗೆ ಹೊರಟರು.